ಅಜ್ಜಾರ ಕೋಣೆಯ ಚಿಲಕ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿದ್ದವರು ಇಬ್ಬರೇ. ಕೂದಲಿಗೆ ಎಣ್ಣೆ ಕಾಯಿಸಿ ಕೊಡುವ ಮುರಿಗೆಯ್ಯ ಅಜ್ಜಾರು, ಅವರ ಹತ್ತಿರ ಆ ವಿದ್ಯೆ ಕಲಿಯಲು ಬಂದ ಅಡಿವೆಪ್ಪ.

ಅಜ್ಜಾರಿಗೆ ಎಪ್ಪತ್ತೆಂಟು ವರ್ಷ. ತಲೆ ತುಂಬ ಬಿಳಿ ಕೂದಲು, ಬಿಚ್ಚಿದರೆ ಸೊಂಟ ಮುಟ್ಟುತ್ತಿತ್ತು.

ಅಡಿವೆಪ್ಪನಿಗೆ ಇಪ್ಪತ್ತಾರು. ಎದ್ದರೆ ದಿಂಬಿನ ಮೇಲೆ ಕೂದಲು, ನಿಂತರೆ ಹೆಗಲ ಮೇಲೆ ಹೊಟ್ಟು.

ಬರುವ ಯುಗಾದಿ ಕಳೆದ ಮೇಲೆ ಅವನು ಊರಿಗೆ ಹೋಗಿ, ತೀರಿಕೊಂಡ ತಂದೆಯ ಜಾಗದಲ್ಲಿ ಔಷಧಿ ಕೊಡಲು ಕೂಡಬೇಕಿತ್ತು. ಅವರ ಮನೆಯ ಎಣ್ಣೆಗೆ ಹತ್ತು ಹಳ್ಳಿಯಲ್ಲಿ ಹೆಸರಿತ್ತು. ಬೋಳುತಲೆಯವನು ಕೂದಲ ಎಣ್ಣೆ ಕೊಟ್ಟರೆ ಯಾರು ನಂಬುತ್ತಾರೆ? ತಂದೆಯ ಹೆಸರು ತನ್ನ ತಲೆಯಿಂದಲೇ ಹೋಗುತ್ತದೆಂದು ಅವನಿಗೆ ಭಯ.

ಒಂದು ದಿನ ಅಜ್ಜಾರು ಇಲ್ಲದಾಗ ಹೆಣ್ಣುಮಗಳೊಬ್ಬಳು ಎಣ್ಣೆಗೆ ಬಂದಳು. ಶೀಶೆ ಕೈಗೆ ತಗೊಂಡಳು. ಅಡಿವೆಪ್ಪನ ತಲೆ ನೋಡಿದಳು. ಶೀಶೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

“ಅಜ್ಜಾರು ಬಂದ ಮ್ಯಾಲ ತಗೋತೀನ್ರಿ,” ಅಂದಳು.

ಅವತ್ತು ಅವನಿಗೆ ಊಟ ಸೇರಲಿಲ್ಲ. ಸಂಜೆ ಅಜ್ಜಾರು ಬಂದ ಕೂಡಲೇ ಕೇಳಿಬಿಟ್ಟ.

“ಅಜ್ಜಾರ, ನಾವಿಬ್ರೂ ಹಚ್ಕೊಳ್ಳೂದು ಒಂದ ಕಡಾಯಿ ಎಣ್ಣಿ. ನಿಮ್ಮ ತಲಿ ಹಂಗ, ನನ್ನ ತಲಿ ಹಿಂಗ. ಯಾಕ್ರಿ?”

“ಬಂದ ದಿನಾನ ಹೇಳೀನಲ್ಲೋ ತಮ್ಮಾ. ವಾರಕ್ಕ ಎರಡ ಸಲ ಸೀಗಿಕಾಯಿ ಹಾಕಿ ತಲಿ ತೊಳಿ. ಬೆರಳ ತುದೀಲೆ ತಿಕ್ಕು, ಉಗುರು ಹಚ್ಚಬ್ಯಾಡ. ಆರಿದ ಮ್ಯಾಲ ಕಟ್ಟು. ಹಣಿಗಿ ತೊಳದಿಡು. ಹೊತ್ತಿಗೆ ಉಣ್ಣು, ಹೊತ್ತಿಗೆ ಮಲಗು.”

“ಇದನ್ನ ನಮ್ಮವ್ವನೂ ಹೇಳ್ತಿದ್ಲರಿ.”

“ಅಕಿ ಹೇಳಿದ್ದು ಮಾಡಿದ್ಯಾ?”

ಅಡಿವೆಪ್ಪ ತಲೆ ಕೆರೆದುಕೊಂಡ. ಹಿತ್ತಲ ಗಿಡ ಮದ್ದಲ್ಲ ಅನ್ನುವವರ ಪೈಕಿ ಅವನು. ಅವನದೇ ಒಂದು ಪದ್ಧತಿಯಿತ್ತು. ಕಡಾಯಿಯ ತಳದಲ್ಲಿ ಉಳಿದ ಗಸಿಯನ್ನು ದಿನಾ ಮಲಗುವಾಗ ತಲೆಗೆ ಮೆತ್ತಿಕೊಳ್ಳುವುದು. ಔಷಧಿಯ ಸತ್ವ ತೊಳೆದುಹೋದೀತೆಂದು ಸೀಗೆಕಾಯಿ ಮುಟ್ಟುತ್ತಿರಲಿಲ್ಲ. ಕಡಿತ ಎದ್ದರೆ ಹತ್ತೂ ಉಗುರಿನಿಂದ ಕೆರೆಯುವುದು. ಬೆಳಗ್ಗೆ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಕೂದಲನ್ನೇ ಬಿಗಿಯಾಗಿ ಗಂಟು ಹಾಕಿ ಒಲೆಯ ಮುಂದೆ ಕೂಡುವುದು.

ಜನರಿಗೆ ಹೇಳುವುದನ್ನೇ ನನಗೂ ಹೇಳಿದರು, ಖರೇ ಗುಟ್ಟು ಇನ್ನೊಂದಿದೆ ಎಂದುಕೊಂಡು ಮಲಗಿದ.

ಮರುದಿನ ಅಜ್ಜಾರು ತಮ್ಮ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡರು. ಅಡಿವೆಪ್ಪ ಮಠಕ್ಕೆ ಬಂದ ಎರಡು ವರ್ಷದಲ್ಲಿ ಇದೇ ಮೊದಲು.

ಅಡಿವೆಪ್ಪ ಬಾಗಿಲಿಗೆ ಓಡಿದ. ಬಾಗಿಲು ಹಳೆಯದು. ಎರಡು ಹಲಗೆಯ ನಡುವೆ ಬೆರಳಗಲದ ಸಂದಿಯಿತ್ತು. ಅವನು ಅದಕ್ಕೆ ಕಣ್ಣಿಟ್ಟ.

ಅಜ್ಜಾರು ಕೂದಲು ಬಿಚ್ಚಿದರು. ಮರದ ಹಣಿಗೆಯಿಂದ ಮೊದಲು ತುದಿ ಬಿಡಿಸಿದರು, ಆಮೇಲೆ ಮೇಲಿನಿಂದ ಬಾಚಿದರು. ತಾಮ್ರದ ಬಟ್ಟಲಿನ ಎಣ್ಣೆಯಲ್ಲಿ ಬೆರಳ ತುದಿ ಅದ್ದಿ, ನೆತ್ತಿಯನ್ನು ಮೆಲ್ಲಗೆ ತಿಕ್ಕತೊಡಗಿದರು. ತುಟಿ ಅಲ್ಲಾಡುತ್ತಿದ್ದವು.

ಮಂತ್ರ!

ಅಡಿವೆಪ್ಪ ಸಂದಿಗೆ ಕಿವಿಯಿಟ್ಟ.

“ಅವ್ವಾ... ಮಣಕಾಲವ್ವಾ...” ಅನ್ನುತ್ತಿದ್ದರು ಅಜ್ಜಾರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೊಣಕಾಲು ನೋವಿನವರು ನರಳುತ್ತಾರೆ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಇದು ಯಾವ ಮಂತ್ರದ ಮುಚ್ಚಿಟ್ಟ ರೂಪವೋ ಅಂದುಕೊಂಡ.

ಅಂದಿನಿಂದ ದಿನಾ ಸಂದಿಗೆ ಕಣ್ಣು. ಗುಟ್ಟು ಯಾವುದರಲ್ಲಿದೆಯೋ ಗೊತ್ತಿಲ್ಲ, ಹಾಗಾಗಿ ಕಂಡದ್ದರಲ್ಲಿ ಒಂದನ್ನೂ ಬಿಡುವಂತಿರಲಿಲ್ಲ. ಅಜ್ಜಾರು ಸೋಮವಾರ, ಶುಕ್ರವಾರ ಸೀಗೆಕಾಯಿ ಹಾಕಿ ತಲೆ ತೊಳೆದರೆ ಇವನೂ ತೊಳೆದ. ಅವರು ಕಿಟಕಿಯ ಎಳೆಬಿಸಿಲಿಗೆ ಕೂತು ಕೂದಲು ಆರಿಸಿಕೊಂಡರೆ ಇವನು ಹಿತ್ತಲಲ್ಲಿ ಕೂತ. ಅವರು ಹಣಿಗೆ ತೊಳೆದು ಮೂಡಲಿಗೆ ಮುಖ ಮಾಡಿಟ್ಟು ಒಣಗಿಸಿದರೆ ಇವನದೂ ಮೂಡಲಿಗೆ. ಅವರು ಮೊಳಕೆ ಹೆಸರುಕಾಳು ತಿಂದರೆ ಇವನೂ ಅಷ್ಟೇ ತಿಂದ. ಅವರ ದೀಪ ಆರಿದೊಡನೆ ತಾನೂ ಮಲಗಿದ. ತಿಕ್ಕುವಾಗ ಮರೆಯದೆ “ಅವ್ವಾ, ಮಣಕಾಲವ್ವಾ” ಅಂತಲೂ ಅಂದ.

ಗಸಿ ಮೆತ್ತುವುದನ್ನು ಬಿಟ್ಟೇಬಿಟ್ಟ. ಅಜ್ಜಾರು ಮೆತ್ತಿಕೊಂಡದ್ದನ್ನು ಅವನು ಕಂಡಿರಲಿಲ್ಲ.

ಆದರೂ ಆ ಬಟ್ಟಲಿನ ಮೇಲೆ ಅನುಮಾನ ಹೋಗಲಿಲ್ಲ. ಅಜ್ಜಾರು ಹೊಳೆಗೆ ಹೋದಾಗ ಒಂದು ದಿನ ಕೋಣೆ ಹೊಕ್ಕ. ಎಣ್ಣೆಯಲ್ಲಿ ಬತ್ತಿ ಅದ್ದಿ ಹೊತ್ತಿಸಿದ. ಪಾಕ ಸರಿಯಿದ್ದರೆ ಬತ್ತಿ ಸದ್ದಿಲ್ಲದೆ ಉರಿಯುತ್ತದೆ, ನೀರಿನಂಶ ಉಳಿದಿದ್ದರೆ ಚಟಪಟ ಅನ್ನುತ್ತದೆ. ಇದು ಸದ್ದಿಲ್ಲದೆ ಉರಿಯಿತು. ಅದೇ ಎಳ್ಳೆಣ್ಣೆಯ ವಾಸನೆ, ಅದೇ ಗರಗದ ಸೊಪ್ಪಿನ ವಾಸನೆ. ಅವನೇ ಕಾಯಿಸಿದ ಎಣ್ಣೆ.

ನಾನು ಬರುವುದು ಗೊತ್ತಾಗಿ ಬದಲಾಯಿಸಿದ್ದಾರೆ ಅಂದುಕೊಂಡ.

ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅಜ್ಜಾರು ಅಂದರು:

“ನನ್ನ ಕೋಣ್ಯಾಗ ಬೆಕ್ಕು ಹೊಕ್ಕಿತ್ತೋ ಅಡಿವೆಪ್ಪ.”

“ಹಾಲು ಕುಡದೈತೇನ್ರಿ?”

“ಇಲ್ಲ. ಬತ್ತಿ ಸುಟ್ಟೈತಿ.”

ಅಡಿವೆಪ್ಪನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ಅಜ್ಜಾರು ನೀರಿನ ತಂಬಿಗೆ ಮುಂದಕ್ಕೆ ಸರಿಸಿ ಊಟ ಮುಂದುವರಿಸಿದರು.

ದೀಪಾವಳಿಗೆ ಶುರುವಾದ ಈ ಕಳ್ಳಗಣ್ಣು ಶಿವರಾತ್ರಿ ಬಂದರೂ ನಿಲ್ಲಲಿಲ್ಲ. ಅಷ್ಟರಲ್ಲಿ ದಿಂಬು ಚೊಕ್ಕಟವಾಗಿತ್ತು. ಹೆಗಲ ಮೇಲೆ ಹೊಟ್ಟು ಬೀಳುತ್ತಿರಲಿಲ್ಲ. ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದಿದ್ದವು. ಅಡಿವೆಪ್ಪ ದಿನಕ್ಕೆ ನಾಲ್ಕು ಸಲ ಹೊಳೆಯ ನೀರಲ್ಲಿ ತಲೆ ನೋಡಿಕೊಂಡು ಖುಷಿಪಡುತ್ತಿದ್ದ. ಗುಟ್ಟು ಮಾತ್ರ ಸಿಕ್ಕಿರಲಿಲ್ಲ.

ಯುಗಾದಿಗೆ ಹತ್ತು ದಿನ ಇರುವಾಗ ಆ ಹೆಣ್ಣುಮಗಳು ಮತ್ತೆ ಬಂದಳು. ಈ ಸಲ ಅವನ ತಲೆಯನ್ನು ಬಹಳ ಹೊತ್ತು ನೋಡಿದಳು.

“ನೀವು ಏನ್ ಹಚ್ಕೋತೀರಿ, ಅದನ್ನ ಕೊಡ್ರಿ.”

ಅಡಿವೆಪ್ಪ ಹಿಗ್ಗಿದ. ಕಡಾಯಿಯ ಎಣ್ಣೆಯನ್ನೇ ಶೀಶೆಗೆ ತುಂಬಿ ಕೊಟ್ಟ. ಬೆರಳ ತುದಿಯಿಂದ ತಿಕ್ಕಬೇಕು, ಆರಿದ ಮೇಲೆ ಕಟ್ಟಬೇಕು, ಹಣಿಗೆ ತೊಳೆದಿಡಬೇಕು, ಎಲ್ಲ ಹೇಳಿದ.

ಅವಳು ಮುಖ ಸಿಂಡರಿಸಿದಳು.

“ಇದು ಯಾರಿಗೆ ಗೊತ್ತಿಲ್ರಿ? ಖರೇ ಔಷಧಿ ಮುಚ್ಚಿಟ್ಕೊಂಡು ನಮಗ ಬರೇ ಮಾತು ಹೇಳ್ತೀರಿ.”

“ಇಲ್ಲವ್ವ, ಖರೇ ಇದ ಐತಿ. ನನ್ನಾಣೆ.”

“ಆಣಿ ಬ್ಯಾರೆ ಮಾಡ್ತೀರಲ್ಲ!” ಅಂದು ಅವಳು ಶೀಶೆಯ ಬಿರಡೆ ತೆಗೆದು ಮೂಸಿನೋಡುತ್ತ ಹೋದಳು.

ಅಡಿವೆಪ್ಪನಿಗೆ ಅಳು ಬರುವಷ್ಟು ಸಿಟ್ಟು ಬಂತು. ಇದ್ದದ್ದು ಇದ್ದಂತೆ ಹೇಳಿದರೂ ಕಳ್ಳ ಅನ್ನಿಸಿಕೊಳ್ಳಬೇಕಲ್ಲ! ಊರಿಗೆ ಹೋದ ಮೇಲೂ ಇದೇ ಗತಿಯಾದರೆ? ನೆಟ್ಟಗೆ ಅಜ್ಜಾರ ಬಳಿ ಹೋಗಿ ಕಾಲು ಹಿಡಿದ.

“ತಪ್ಪಾತ್ರಿ ಅಜ್ಜಾರ. ದೀಪಾವಳಿಯಿಂದ ನಿಮ್ಮ ಬಾಗಲ ಸಂದ್ಯಾಗ ಕದ್ದು ನೋಡೀನಿ. ನೀವು ಮಾಡಿದ್ದೆಲ್ಲಾ ಮಾಡೀನಿ.”

“ಮಣಕಾಲವ್ವನ್ನೂ ಬಿಡಲಿಲ್ಲ. ಕೇಳೀನಿ.”

ಅಡಿವೆಪ್ಪನ ಕಿವಿ ಕೆಂಪಾದವು.

“ನಡುವ ಒಂದ ದಿನಾನೂ ತಪ್ಪಿಸಿಲ್ಲೇನು?” ಕೇಳಿದರು ಅಜ್ಜಾರು.

“ಹೆಂಗ ತಪ್ಪಿಸ್ಲಿರಿ? ನಾ ಬಿಟ್ಟ ದಿನಾನ ನೀವು ಖರೇ ಔಷಧಿ ಹಚ್ಕೊಂಡ್ರ?”

ಅಜ್ಜಾರು ನಕ್ಕರು. ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ನಗಬ್ಯಾಡ್ರಿ ಅಜ್ಜಾರ. ಊರಾಗ ಅಪ್ಪನ ಹೆಸರೈತಿ. ಆ ಅಕ್ಕ ನಾ ಹೇಳಿದ್ದು ಒಂದೂ ನಂಬಲಿಲ್ಲ. ಮಾಡೂದಂತೂ ದೂರ ಉಳೀತು. ಇನ್ನರ ಹೇಳ್ರಿ, ನನ್ನ ತಲಿ ಸುಧಾರಿಸಿದ್ದು ಯಾವ ಔಷಧಿಲೇ?”

ಅಜ್ಜಾರು ನಿಧಾನಕ್ಕೆ ಎದ್ದರು. ಒಲೆಯ ಪಕ್ಕದ ಕಬ್ಬಿಣದ ಸಲಾಕೆ ತಂದು, ಕೋಣೆಯ ಬಾಗಿಲಿಗಿದ್ದ ಚಿಲಕದ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಚಿಲಕವನ್ನು ಧೋತರದ ಚುಂಗಿನಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟರು.

ಅಡಿವೆಪ್ಪ ಅದನ್ನು ಹೊರಳಿಸಿ ಹೊರಳಿಸಿ ನೋಡಿದ. ಒಳಗೇನಾದರೂ ಅಡಗಿಸಿದ್ದಾರೋ ಎಂದು ಒಮ್ಮೆ ಅಲ್ಲಾಡಿಸಿಯೂ ನೋಡಿದ. ಬರೀ ಕಬ್ಬಿಣ.

“ಇದನ್ನ ತಗೊಂಡು ಏನ್ ಮಾಡ್ಲಿರಿ?”

“ಊರಿಗೆ ಹೋಗಿ ನಿನ್ನ ಕೋಣಿ ಬಾಗಲಕ್ಕ ಹೊಡಿ,” ಅಂದರು ಅಜ್ಜಾರು. “ಸಂದಿ ಮಾತ್ರ ಮುಚ್ಚಬ್ಯಾಡ.”