ಹಲ್ಲುಚಕ್ರದ ಹಿಂದೆ ನಿಂತವನು

“ಕೇಳ್ರಪ್ಪೋ ಕೇಳ್ರಿ. ಹೊಳೆಯ ನೀರಿಗೆ ತಿರುಗೋ ಅರಮನೆ ಗರಗಸಕ್ಕೆ ಹೊಸ ಯಜಮಾನ ಬೇಕು. ಹೊನ್ನರಸ ದೊರೆಗಳು ಮೂರು ಪ್ರಶ್ನೆ ಕೇಳ್ತಾರೆ. ಮೂರಕ್ಕೂ ಸರಿಯಾಗಿ ಹೇಳಿದವನಿಗೆ ಗರಗಸದ ಮನೆ, ಸುತ್ತಲ ಹೊಲ, ತಲೆಗೆ ಜರಿ ರುಮಾಲು. ಒಂದಕ್ಕೆ ತಪ್ಪಿದರೂ ರುಮಾಲು ಸುತ್ತೋಕೆ ತಲೆ ಇರೋದಿಲ್ಲ.”

ತಿರುಗಣಿಪುರದ ಬೀದಿಗಳಲ್ಲಿ ಹೀಗೆ ಡಂಗುರ ಹೊಡೆದಾಗ ಜನ ಗೊಣಗಿದರು. ಗಟ್ಟಿಯಾಗಿ ಗೊಣಗುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಯಜಮಾನನ ಅಡ್ಡಾದಿಡ್ಡಿ ಕೆಲಸದಿಂದ, ಮೇಜಿನ ನಡುವೆ ಗಿರ್ರನೆ ತಿರುಗುವ ಆ ಹಲ್ಲುಚಕ್ರ ಒಂದು ಹಲಗೆಯನ್ನು ತಳ್ಳಿದವನ ಕಡೆಗೇ ಎಸೆದಿತ್ತು. ಅದು ಅಲ್ಲಿ ನೋಡುತ್ತ ನಿಂತಿದ್ದ ಯುವರಾಜನ ಎದೆಗೆ ಬಡಿದು ಪ್ರಾಣ ತೆಗೆದಿತ್ತು. ದೊರೆಗೆ ಇದ್ದವನು ಅವನೊಬ್ಬನೇ. ತಿಳಿಯದವನು ಆ ಜಾಗದಲ್ಲಿ ನಿಂತು ಇನ್ನೊಬ್ಬರ ಮಗನನ್ನು ಕೊಲ್ಲುವ ಬದಲು ಅವನೇ ಸಾಯಲಿ ಎಂದು ದೊರೆ ತೀರ್ಮಾನಿಸಿದ್ದ. ಅಷ್ಟು ನೊಂದವನಿಗೆ ಬುದ್ಧಿ ಹೇಳುವವರು ಯಾರು?

ದೋಣಿ ಕಟ್ಟುವ ಜಟ್ಟ ಮೀಸೆ ತಿರುವಿಕೊಂಡು ಗರಗಸದ ಮನೆಯೊಳಗೆ ಹೋದ. ಕೈಗೆ ಕೋಳ ಹಾಕಿಸಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದ. ಬಾಗಿಲು ಕೆತ್ತುವುದರಲ್ಲಿ ಹೆಸರಾದ ಸಂಕಣ್ಣನೂ ಅದೇ ದಾರಿ ಹಿಡಿದ. ಆಮೇಲೆ ಹೋದವನು ವೀರಾಚಾರಿ. ಅವನು ಒಳಗೇ ಬಹಳ ಹೊತ್ತು ಇದ್ದದ್ದರಿಂದ ಹೊರಗಿದ್ದವರು ಗೆದ್ದನೆಂದೇ ತಿಳಿದರು. ಕೊನೆಗೆ ಅವನೂ ಸೆರೆಮನೆ ಸೇರಿದ. ಮರುದಿನ ಬೆಳಗ್ಗೆ ಮೂವರ ತಲೆ ತೆಗೆಯುವುದೆಂದು ಗೊತ್ತಾಯಿತು.

ವೀರಾಚಾರಿಯ ತಮ್ಮ ಮೌನೇಶ. ಉಳಿ ಕೊಟ್ಟು ಹೂವು ಕೆತ್ತು ಎಂದರೆ ಬದನೆಕಾಯಿ ಕೆತ್ತುವಂಥವನು. ಹಾಗಾಗಿ ಮನೆಯ ಚಿಕ್ಕ ಹಲ್ಲುಚಕ್ರದ ಮುಂದೆ ಅಣ್ಣ ನಿಂತು ಹಲಗೆ ತಳ್ಳಿದರೆ, ಇವನು ಹಿಂದೆ ನಿಂತು ಸೀಳಿ ಬಂದದ್ದನ್ನು ಹಿಡಿದುಕೊಳ್ಳುತ್ತಿದ್ದ. ಈಗ ಇವನೂ ಹೊರಟು ನಿಂತಾಗ ಅತ್ತಿಗೆ ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು.

“ಬೇಡ ಮೌನೇಶ. ಅವರೇ ಸೋತರು, ನಿನಗೇನು ತಿಳಿದೀತು?”

“ಸುಮ್ಮನೆ ಕೂತರೆ ಅಣ್ಣ ಬರ್ತಾನಾ ಅತ್ತಿಗೆ? ದಾರಿ ಬಿಡಿ.”

ಗರಗಸದ ಮನೆಯಲ್ಲಿ, ತಿರುಗದೆ ನಿಂತಿದ್ದ ಚಕ್ರದ ಪಕ್ಕದಲ್ಲೇ ದೊರೆ ಕೂತಿದ್ದ. ಮುಖ ಎತ್ತದೆ ಮೊದಲ ಪ್ರಶ್ನೆ ಕೇಳಿದ. “ಹಲಗೆಯನ್ನು ಎರಡಾಗಿ ಸೀಳಿ, ಮತ್ತೆ ಪಕ್ಕಪಕ್ಕಕ್ಕೆ ಇಟ್ಟರೆ ಮೊದಲಿನ ಅಗಲ ಬರುವುದಿಲ್ಲ. ತಿಂದವನು ಕಾಣುತ್ತಾನೆ, ಉದುರಿಸಿದ್ದೂ ಕಾಣುತ್ತದೆ. ತಿಂದ ಜಾಗವನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಏನದು?”

ಜಟ್ಟ ಇದಕ್ಕೆ ಮರದ ಹೊಟ್ಟು ಎಂದು ಕೆಟ್ಟಿದ್ದ. ಮೌನೇಶನ ನಾಲಿಗೆಗೂ ಅದೇ ಬಂತು. ಆದರೆ ದೊರೆ ಕೇಳಿದ್ದು ಉದುರಿದ್ದನ್ನಲ್ಲ ಎಂದು ಹೊಳೆದು, ಬಂದ ಮಾತನ್ನು ನುಂಗಿಕೊಂಡ.

“ಸೀಳುಗಂಡಿ, ಬುದ್ಧಿ. ಹಲ್ಲು ಎಷ್ಟು ದಪ್ಪವೋ ಅಷ್ಟು ಮರ ಹೋಗಿ ನಡುವೆ ಗಂಡಿ ಬೀಳುತ್ತೆ. ಅದನ್ನು ಬಿಟ್ಟು ಅಳತೆ ಹಾಕಿದವನ ಬಾಗಿಲು ಚೌಕಟ್ಟಿಗೆ ಸಾಲೋದಿಲ್ಲ.”

ದೊರೆ ಈಗ ಮುಖ ಎತ್ತಿದ. “ಹಲ್ಲಿನವನ ಬೆನ್ನಿಗೆ ನಿಂತಿದೆ, ಅದಕ್ಕೆ ಹಲ್ಲಿಲ್ಲ. ಕೊಯ್ಯುವುದಿಲ್ಲ, ತಿರುಗುವುದಿಲ್ಲ. ದಂಡಪಿಂಡವೆಂದು ಅದನ್ನು ಕಿತ್ತು ಬಿಸಾಡಿದ ದಿನ ಮನೆಗೆ ಸಾವು ಬರುತ್ತದೆ. ಏನದು?”

ಚಕ್ರದ ಮೇಲಿನ ಮುಚ್ಚಳ ಎಂದಿದ್ದ ಸಂಕಣ್ಣ. ಮೌನೇಶ ಮಾತ್ರ ಆ ಹಿಂಬದಿಯಲ್ಲೇ ವರ್ಷಗಟ್ಟಲೆ ನಿಂತವನು.

“ಸೀಳುಪಟ್ಟಿ, ಬುದ್ಧಿ. ಕೆಲವು ಮರಕ್ಕೆ ಒಳಗೇ ಬಿಗಿ ಇರುತ್ತೆ. ಸೀಳಿದ ಮೇಲೆ ಎರಡು ಹೋಳೂ ಒಂದನ್ನೊಂದು ತಬ್ಬೋಕೆ ಬರ್ತವೆ, ನಡುವೆ ಚಕ್ರ ಸಿಕ್ಕಿಕೊಳ್ಳುತ್ತೆ. ಸಿಕ್ಕಿಕೊಂಡ ಚಕ್ರ ಹಲಗೆಯನ್ನು ತಳ್ಳಿದವನ ಕಡೆಗೇ ಎಸೆಯುತ್ತೆ. ಗಂಡಿ ಮುಚ್ಚದ ಹಾಗೆ ತಡೆಯೋದು ಆ ತೆಳ್ಳನೆ ಕಬ್ಬಿಣದ ಪಟ್ಟಿ. ಅದನ್ನು ಕಿತ್ತವನೇ ಚಿಕ್ಕ ದೊರೆಗಳನ್ನು ಕೊಂದ.”

ದೊರೆ ಮೂರನೆಯದನ್ನು ಕೇಳಿದ. “ಕೈ ಹೋಗಬಾರದ ಜಾಗಕ್ಕೆ ಹೋಗುವ ಕೈ. ಕತ್ತರಿಸಿ ಬಿದ್ದರೆ ಅಳುವವರಿಲ್ಲ. ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಯಾವ ಕೈ ಅದು?”

ಮೌನೇಶನಿಗೆ ಹಲಗೆಯ ಕೊನೆಯ ಗೇಣನ್ನು ಅಣ್ಣ ಹೆಬ್ಬೆರಳಿನಿಂದ ತಳ್ಳುವಾಗ ತಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ನೆನಪಾಯಿತು.

“ಅದು ಮನುಷ್ಯನ ಕೈಯಲ್ಲ ಬುದ್ಧಿ. ಯಾವ ಮನುಷ್ಯನ ಕೈ ಹೋದರೂ ಯಾರಾದರೂ ಅಳ್ತಾರೆ. ಅದು ತಳ್ಳುಗೋಲು. ಮರದ ತುದಿ ಹಲ್ಲಿನ ಹತ್ತಿರ ಬಂದಾಗ ಬೆರಳು ತೆಗೆದು ಕೋಲಿನಿಂದ ತಳ್ಳಬೇಕು. ಹಲ್ಲು ತಗುಲಿದರೆ ಕೋಲು ತಾನೇ ಹೋಗೋದು, ಇನ್ನೊಂದು ಕೆತ್ತಿಕೊಂಡರಾಯ್ತು.”

ದೊರೆ ಎದ್ದು ಬಂದು ತನ್ನ ಕೈಯಾರೆ ರುಮಾಲು ಸುತ್ತಿದ. “ಇನ್ನೇನು ಬೇಕು, ಕೇಳು.”

“ಅಣ್ಣನನ್ನೂ ಅವರಿಬ್ಬರನ್ನೂ ಬಿಟ್ಟುಬಿಡಿ.”

“ಮೂರನೆಯದಕ್ಕೆ ನಿನ್ನಣ್ಣ ಏನೆಂದ ಗೊತ್ತೇನು? ಹಿಂದೆ ನಿಲ್ಲುವ ಆಳಿನ ಕೈ ಎಂದ.”

ಅಣ್ಣನ ಚಕ್ರದ ಹಿಂದೆ ನಿಲ್ಲುತ್ತಿದ್ದ ಆಳು ಮೌನೇಶನೇ. ಆದರೂ ಅವನು ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಸತ್ತರೆ ಅವನು ಕಲಿಯೋದು ಯಾವಾಗ ಬುದ್ಧಿ? ಬಿಡಿ. ನನ್ನ ಗರಗಸದ ಮನೆಯಲ್ಲಿ ನಾನೇ ಕಲಿಸ್ತೀನಿ.”

ದೊರೆ ಮೂವರ ಕೋಳವನ್ನೂ ಬಿಚ್ಚಿಸಿದ. ಮೂರನೆಯ ಪ್ರಶ್ನೆಗೆ ಯಾವ ಉತ್ತರ ಸರಿಯಾಯಿತೆಂದು ವೀರಾಚಾರಿಗೆ ಕಾವಲಿನವರೇ ಹೇಳಿದ್ದರು. ಅವನು ಬಂದು ತಮ್ಮನ ಮುಂದೆ ನಿಂತ. ಮೌನೇಶನ ಎರಡೂ ಕೈ ಹಿಡಿದು, ಅಂಗೈ ಮಗುಚಿ, ಒಂದೊಂದೇ ಬೆರಳನ್ನು ಮುಟ್ಟಿ ನೋಡಿದ. ಆಮೇಲೆ ಆ ಕೈಗಳಲ್ಲೇ ಮುಖ ಇಟ್ಟು ಅತ್ತುಬಿಟ್ಟ.