ಬಳೆಗಾರನ ಎದೆಯುರಿ

“ಬುದ್ಧಿ, ಮನಸ್ಸಿಗೆ ಕಳವಳವಾದಾಗಲೆಲ್ಲ ಹತ್ತಿರದಲ್ಲಿ ಯಾವ ಮಠವಿದೆಯೋ ಅಲ್ಲಿಗೆ ಓಡುತ್ತೇನೆ. ಎಲ್ಲರೂ ಸಮಾಧಾನ ಹೇಳಿ ಕಳಿಸುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಅದೇ ಕಳವಳ. ಏಕೆ ಹೀಗೆ?” ಎಂದು ಚೆನ್ನವೀರ ಎಂಬ ಶಿಷ್ಯ ಕೇಳಿದ. ಅವನು ಗುರುಗಳ ಬಳಿಗೆ ಬಂದದ್ದು ಆ ಬೆಳಿಗ್ಗೆಯಷ್ಟೇ.

“ಮೊದಲು ಕೂತುಕೊಳ್ಳಯ್ಯ. ನಿಂತವರಿಗೆ ಕತೆ ಹೇಳಿ ನನಗೆ ಅಭ್ಯಾಸವಿಲ್ಲ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಅವನ ಅಪ್ಪ ನಲವತ್ತಾರನೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಬಳೆಗಾರನಿಗೆ ನಲವತ್ತೈದು ತುಂಬಿದ ವರ್ಷವೇ ಎದೆಯುರಿ ಶುರುವಾಯಿತು. ಹೆದರಿದ, ಪಾಪ. ಹೆದರದೆ ಏನು ಮಾಡಿಯಾನು? ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಉರಿ ಎದ್ದ ಕೂಡಲೇ ಅವನು ದೊಡ್ಡಾಸ್ಪತ್ರೆಗೆ, ಅದರಲ್ಲೂ ತುರ್ತು ಚಿಕಿತ್ಸೆಯ ಬಾಗಿಲಿಗೇ ಓಡುತ್ತಿದ್ದ. ಪ್ರತಿ ಸಲವೂ ಹೊಸ ಮುಖ. ಇಸಿಜಿ ತೆಗೆಯುತ್ತಿದ್ದರು. “ಏನು ತಿಂದಿದ್ದೆ?” ಎಂದರೆ, “ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎನ್ನುತ್ತಿದ್ದ. ಸುಳ್ಳಲ್ಲ. “ಹೃದಯಕ್ಕೇನೂ ಆಗಿಲ್ಲ, ಹೋಗು” ಎನ್ನುತ್ತಿದ್ದರು. ಹೋದ ಜೀವ ಬಂದಂತಾಗುತ್ತಿತ್ತು. ವಾರದೊಳಗೆ ಮತ್ತೆ ಉರಿ, ಮತ್ತೆ ಓಟ. ಕೊನೆಗೆ ಹಳ್ಳಿಗಳ ಕಡೆ ಹೋಗುವುದನ್ನೇ ಬಿಟ್ಟು, ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲೇ ಬಳೆಯ ಮಲಾರ ಹೊತ್ತು ತಿರುಗತೊಡಗಿದ.

ಒಂಬತ್ತನೇ ಸಲ ಅಲ್ಲಿದ್ದ ಡಾಕ್ಟರು ಹೇಳಿದರು: “ನೋಡಪ್ಪ, ಇವತ್ತು ನಿನ್ನ ಜೀವಕ್ಕೆ ಅಪಾಯವಿದೆಯೋ ಇಲ್ಲವೋ, ನಾವು ನೋಡುವುದು ಅಷ್ಟೇ. ಉರಿ ಏಕೆ ಬರುತ್ತದೆಂದು ತಿಳಿಯಲು ನಿನ್ನನ್ನು ಬಲ್ಲ ಒಬ್ಬರು ಬೇಕು.”

ಅವನ ಬೀದಿಯಲ್ಲೇ ಒಬ್ಬ ವೈದ್ಯೆ ಇದ್ದರು. ಹಿತ್ತಲ ಗಿಡ ಮದ್ದಲ್ಲ ನೋಡು, ಅವನು ಅತ್ತ ತಲೆಯೇ ಹಾಕಿರಲಿಲ್ಲ. ಈಗ ಹೋದ. ಮಾತ್ರೆ ಕೊಟ್ಟರು, ಉರಿ ನಿಲ್ಲಲಿಲ್ಲ. ‘ಇವರೂ ಅಷ್ಟೇ’ ಎಂದು ಗೊಣಗುತ್ತಲೇ ಎರಡನೇ ಸಲ ಹೋದ. ಆಗಲೂ ನಿಲ್ಲಲಿಲ್ಲ. ಮತ್ತೆ ದೊಡ್ಡಾಸ್ಪತ್ರೆಯ ಕಡೆ ಕಾಲು ಎಳೆಯಿತು. ಹೆಂಡತಿ ಗದರಿದಳು. ಮೂರನೇ ಸಲ ಹೋದಾಗ ವೈದ್ಯೆ ಅವನ ರೋಗ ಬಿಟ್ಟು ಕಸುಬಿನ ಮಾತೆತ್ತಿದರು.

“ಬಳೆ ತೊಡಿಸಿದ ಮೇಲೆ ಮನೆಯವರು ಏನಾದರೂ ಕೊಡುತ್ತಾರೆಯೇ?”

“ಕೊಡದೆ ಇರುತ್ತಾರೆಯೇ ತಾಯಿ? ಬಳೆಗಾರನನ್ನು ಬರಿಬಾಯಲ್ಲಿ ಕಳಿಸಬಾರದು. ಮುತ್ತೈದೆ ಕೊಟ್ಟ ಕಾಫಿಯನ್ನು ನಾನೂ ಬೇಡ ಎನ್ನಬಾರದು. ದಿನಕ್ಕೆ ಇಪ್ಪತ್ತು ಮನೆಯಾದರೂ ಆಗುತ್ತದೆ.”

ಅನ್ನ ಕಾಣದ ಹೊಟ್ಟೆಗೆ ಇಪ್ಪತ್ತು ಲೋಟ ಕಾಫಿ! ಕುಡಿದದ್ದನ್ನು ತಿಂದದ್ದರ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ? ಬೆಳಿಗ್ಗೆ ಮುದ್ದೆ ಉಂಡು ಹೊರಡು, ಕಾಫಿಯ ಬದಲು ಒಂದು ಚೂರು ಬೆಲ್ಲ ಕೇಳು ಎಂದರು ಆಕೆ. ತಿಂಗಳಲ್ಲಿ ಉರಿ ಇಳಿಯಿತು. ಅವನು ಮತ್ತೆ ಹಳ್ಳಿಗಳಿಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಸಮಾಧಾನವಾಗದೆ ಕೇಳಿದ: “ಇಷ್ಟು ಸಣ್ಣ ಮಾತನ್ನು ಆಕೆ ಮೊದಲ ಸಲವೇ ಕೇಳಬಹುದಿತ್ತಲ್ಲ, ಬುದ್ಧಿ?”

“ಅವನು ಮೂರನೇ ಸಲವೂ ಅವರ ಬಳಿಗೇ ಬಂದ, ಅದಕ್ಕೇ ಆಕೆಗೆ ಕೇಳಲು ಆಯಿತು. ನೀನು ನಾಳೆ ಎಲ್ಲಿರುತ್ತೀಯಪ್ಪ?” ಎಂದರು ಗುರುಗಳು.

ಚೆನ್ನವೀರ ತನ್ನ ಗಂಟನ್ನು ಒಯ್ದು ಒಳಗಿನ ಮೂಲೆಯಲ್ಲಿ ಇಟ್ಟ.