ಮೈಲಾರಿ ಹೊಸ ಹಲ್ಲು ತೋರಿಸಿ ಬಂದದ್ದು

ಕುಂತೋರು ಕುಂತಲ್ಲೇ ಕೇಳ್ರಿ, ನಿಂತೋರು ಗೋಡೆಗೆ ಒರಗಿ ಕೇಳ್ರಿ. ನಗು ಬಂದ್ರೆ ತಡೀಬೇಡ್ರಿ.

ಬೇವಿನಕಟ್ಟೆಯಲ್ಲಿ ಹಾಲವ್ವ ಅಂತ ಒಬ್ಬಳಿದ್ಳು. ಅವಳಿಗೆ ಒಬ್ಬನೇ ಮಗ, ಮೈಲಾರಿ. ಕುರಿ ಕಾಯೋನು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವ್ವನ ಗೋಳು.

ಅವನ ಸಿಳ್ಳೆ ಮಾತ್ರ ಭಾರಿ ಸಿಳ್ಳೆ! ಒಂದು ಸಲ ಹೊಡೆದ್ರೆ ಗುಡ್ಡದಾಚೆ ಇದ್ದ ಕುರಿಗಳೆಲ್ಲಾ ದಬದಬ ಓಡಿ ಬರ್ತಿದ್ವು.

ಒಂದಿನ ಹಾಲವ್ವ ಅಂದ್ಳು, "ಲೇ ಮೈಲಾರಿ, ಆ ದೊಡ್ಡ ಟಗರು ಹಾಯಕ್ಕೆ ಬಂದ್ರೆ ಬೆನ್ನು ತೋರಿಸಿ ಓಡಬೇಡ. ಮುಖ ಕೊಟ್ಟು ನಿಲ್ಲು!"

ಟಗರು ಬಂತು. ಮೈಲಾರಿ ಮುಖ ಕೊಟ್ಟ. ಟಗರು ತಗೊಂತು. ಮುಂದಿನ ಹಲ್ಲೊಂದು ಬೇರುಸಮೇತ ಹೋಯ್ತು!

ಅವತ್ತಿಂದ ಸಿಳ್ಳೆ ಹೊಡೆದ್ರೆ ಪುಸ್! ಬರೀ ಗಾಳಿ. ಕುರಿಗಳು ತಲೆ ಎತ್ತಿ ಸಹಿತ ನೋಡಲಿಲ್ಲ. ಸೀದಾ ಗೌಡ್ರ ಈರುಳ್ಳಿ ಹೊಲಕ್ಕೆ ನುಗ್ಗಿದ್ವು.

"ಇನ್ನೊಂದು ಸಲ ನುಗ್ಗಿದ್ರೆ ಒಂದು ಕುರೀನೂ ನಿನ್ನ ಮನೆಗೆ ವಾಪಸ್ ಬರಲ್ಲ ನೋಡು ಹಾಲವ್ವಾ!" ಅಂದ್ರು ಗೌಡ್ರು.

ಹಾಲವ್ವ ಅದೇ ಟಗರನ್ನ ಸಂತೇಲಿ ಮಾರಿದ್ಳು. "ಹಲ್ಲು ಕಿತ್ತೋನೇ ಹಲ್ಲು ಹಾಕಿಸ್ಲಿ" ಅಂದ್ಳು.

"ಮಗಾ, ಪೇಟೆಗೆ ಹೋಗು. ಅಲ್ಲಿ ಹಲ್ಲಿನ ಡಾಕ್ಟ್ರಮ್ಮ ಒಬ್ರು ಇದಾರಂತೆ. ದವಡೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹೊಸ ಹಲ್ಲು ಇಡ್ತಾರಂತೆ. ದಾರಿ ಗೊತ್ತಾಗದಿದ್ರೆ ಗುಮ್ಮನಂಗೆ ನಿಲ್ಲಬೇಡ, ಬಾಯಿಬಿಟ್ಟು ಕೇಳು!"

ಮೈಲಾರಿ ಬಸ್ಸಿಳಿದ. ಬಾಯಿಬಿಟ್ಟ. ಬಿಟ್ಟ ಬಾಯಿ ಮುಚ್ಚದಂಗೆ ಕೇಳಿದ, "ಆಆಆ... ಆಆ?"

"ಅಯ್ಯೋ, ಇವನ ಗಂಟಲಲ್ಲಿ ಏನೋ ಸಿಕ್ಕೈತೆ!" ಅಂದಳು ಹೂ ಮಾರೋಳು. ಒಬ್ಬ ಬೆನ್ನಿಗೆ ಗುದ್ದಿದ. ಒಬ್ಬ ನೀರು ಹುಯ್ದ. ಇನ್ನೊಬ್ಬ ಬಾಳೆಹಣ್ಣು ತುರುಕಿದ. ಮೈಲಾರಿ ಹಣ್ಣು ನುಂಗಿ ಊರಿಗೆ ವಾಪಸ್ ಬಂದ.

"ಅಯ್ಯೋ ನನ್ನ ಕರ್ಮವೇ!" ಹಣೆ ಚಚ್ಚಿಕೊಂಡಳು ಹಾಲವ್ವ. "ರಸ್ತೇಲೆಲ್ಲಾ ಬಾಯಿ ತೆಗೀತಾರೇನೋ? ಡಾಕ್ಟ್ರ ಮುಂದೆ ಮಾತ್ರ ತೆಗಿ! ಸೂಜಿ ಚುಚ್ಚಿದಾಗ ಹಲ್ಲುಕಚ್ಚಿ ತಡ್ಕೋ!"

ಮಾರನೇ ದಿನ ಬಸ್ಸಿನ ಕಂಡಕ್ಟರೇ ಕೈ ಹಿಡ್ಕೊಂಡು ಹೋಗಿ ಡಾಕ್ಟ್ರಮ್ಮನ ಬಾಗಿಲಿಗೆ ಬಿಟ್ಟ. ಮೈಲಾರಿ ಕುರ್ಚಿ ಮೇಲೆ ಮಲಗಿದ. ಬಾಯಿ ತೆಗೆದ. ಡಾಕ್ಟ್ರಮ್ಮ ಒಂದು ಬೆರಳು ಬಾಯೊಳಗಿಟ್ಟು ಸೂಜಿ ಚುಚ್ಚಿದ್ರು. ಮೈಲಾರಿ ಹಲ್ಲುಕಚ್ಚಿದ!

"ಅಮ್ಮಾ! ಬಿಡೋ, ಬಿಡೋ ಬೆರಳು!"

"ಹೂಂ ಹೂಂ" ಅಂದ ಮೈಲಾರಿ. ತಡ್ಕೊಂಡೇ ಇದ್ದ.

ಡಾಕ್ಟ್ರಮ್ಮ ಒಳ್ಳೇರು. ಬೆರಳಿಗೆ ಪಟ್ಟಿ ಸುತ್ಕೊಂಡು, ಅವನ ಬಾಯಿಗೆ ರಬ್ಬರ್ ತುಂಡು ಅಡ್ಡ ಕೊಟ್ಟು, ಸ್ಕ್ರೂ ಕೂರಿಸಿದ್ರು. "ಮೂಳೆ ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಕ್ಕೆ ಮೂರು ತಿಂಗಳು ಬೇಕಪ್ಪಾ. ಆಮೇಲೆ ಹಲ್ಲು. ಅಲ್ಲಿವರೆಗೂ ಸ್ವಲ್ಪ ಬಾಯಿ ಕಟ್ಟಬೇಕು."

ಬೆರಳಿನ ಕತೆ ಕೇಳಿ ಹಾಲವ್ವ ಗಲ್ಲ ಗಲ್ಲ ಬಡ್ಕೊಂಡ್ಳು. "ದೇವರಂಥೋರನ್ನ ಕಚ್ಚಿದ್ಯಾ! ಇನ್ಮೇಲೆ ಅವರು ಏನು ಹೇಳ್ತಾರೋ ಅದನ್ನ ಚಾಚೂ ತಪ್ಪದಂಗೆ ಮಾಡು!"

ಮೈಲಾರಿ ಟವಲ್ ತಗೊಂಡ. ಬಾಯಿ ಕಟ್ಟಿದ. ತಲೆ ಮೇಲೆ ಎರಡು ಗಂಟು ಹಾಕಿದ. ಬೆಳಿಗ್ಗೆ ಉಣ್ಣಲಿಲ್ಲ, ಮಧ್ಯಾಹ್ನ ಉಣ್ಣಲಿಲ್ಲ. ಸಂಜೆಗೆ ಕಣ್ಣು ಕತ್ತಲೆ ಬಂದು ಧೊಪ್ ಅಂತ ಬಿದ್ದ.

ಹಾಲವ್ವ ಟವಲ್ ಕಿತ್ತೆಸೆದಳು. "ಬಾಯಿ ಕಟ್ಟೋದು ಅಂದ್ರೆ ಇದಲ್ಲವೋ ಪೆದ್ದಾ! ಗಟ್ಟೀದು ತಿನ್ನಬೇಡ ಅಂತ. ಮುಟ್ಟಿ ನೋಡು, ಮೆತ್ತಗಿದ್ರೆ ತಿನ್ನು!" ಅಂತ ಬೈದು, ಗಂಜಿ ಕುಡಿಸಿ ಮಲಗಿಸಿದ್ಳು.

ಮರುವಾರ ಗೌಡ್ರ ಮನೇಲಿ ಮಗಳ ನಿಶ್ಚಿತಾರ್ಥ. ಹೋಳಿಗೆ ಊಟ. ಮೈಲಾರಿ ತನ್ನ ಎಲೆಯ ಹೋಳಿಗೆ ಒತ್ತಿ ನೋಡಿದ. "ಇದು ಗಟ್ಟಿ!" ಪಕ್ಕದೋರ ಎಲೆಗೆ ಕೈ ಹಾಕಿದ. "ಇದೂ ಗಟ್ಟಿ!" ಪಂಕ್ತಿ ಉದ್ದಕ್ಕೂ ಒತ್ತಿಕೊಂಡೇ ಹೋದ. ಕೊನೇಲಿ ಗಂಡಿನ ತಂದೆ ಎಲೆ. ಒತ್ತಿದ. "ಅವ್ವಾ, ಮೆತ್ತಂದು ಸಿಕ್ತು!" ಅಂತ ಕೂಗಿ ಬಾಯಿಗೆ ಹಾಕ್ಕೊಂಡ.

ಗಂಡಿನ ತಂದೆ ಹೊಟ್ಟೆ ಹಿಡ್ಕೊಂಡು ನಕ್ರು. ಅವರು ನಕ್ಕಿದ್ದಕ್ಕೆ ಗೌಡ್ರೂ ನಕ್ರು. ಇಲ್ಲದಿದ್ರೆ ಅವತ್ತು ಮೈಲಾರಿ ಬೆನ್ನೇ ಮೆತ್ತಗಾಗ್ತಿತ್ತು.

"ಬ್ಯಾರೇರ ಎಲೆಗೆ ಕೈ ಹಾಕ್ತಾರೇನೋ?" ಕಿವಿ ಹಿಂಡಿದಳು ಹಾಲವ್ವ. "ಎಲ್ಲಿಗೇ ಹೋಗು, ನಿನ್ನ ಕೆಲಸ ಎಷ್ಟೋ ಅಷ್ಟು ಮುಗಿಸು. ಯಾರು ಕರೆದ್ರೂ ನಿಲ್ಲದಂಗೆ ಸೀದಾ ಮನೆಗೆ ಬಾ!"

ಹಾಲವ್ವನೇ ಕುರಿ ಕಾಯ್ತಾ ಮೂರು ತಿಂಗಳಾಯ್ತು. ಡಾಕ್ಟ್ರಮ್ಮ ಹೊಸ ಹಲ್ಲು ಇಟ್ರು. ಬೆಳ್ಳಗೆ, ಜೋಳದ ಕಾಳಿನಂಗೆ! "ಆರು ತಿಂಗಳಿಗೊಂದು ಸಲ ಬಂದು ಹಲ್ಲು ತೋರಿಸಿ ಹೋಗು" ಅಂದ್ರು.

ಮೈಲಾರಿ ಗುಡ್ಡ ಹತ್ತಿ ಸಿಳ್ಳೆ ಹೊಡೆದ. ಸುಯ್ಯಂತ ಹೋಯ್ತು ಸಿಳ್ಳೆ! ಕುರಿಗಳೆಲ್ಲಾ ದಬದಬ ಬಂದ್ವು. ಅಂಗಳದಲ್ಲಿ ನಿಂತಿದ್ದ ಹಾಲವ್ವ ಸೆರಗಿಂದ ಕಣ್ಣೊರೆಸ್ಕೊಂಡ್ಳು.

ಆರು ತಿಂಗಳು ಕಳೀತು. ಮೈಲಾರಿ ತಲೆ ಬಾಚಿ, ಬಸ್ಸು ಹತ್ತಿ ಪೇಟೆಗೆ ಹೋದ. ಹೋದಷ್ಟೇ ಬೇಗ ವಾಪಸ್ ಬಂದ.

"ತೋರಿಸಿದ್ಯೇನೋ ಹಲ್ಲು?"

"ತೋರಿಸ್ದೆ ಅವ್ವಾ."

"ಏನಂದ್ರು?"

"ಅದಕ್ಕೆ ಮಾತು ಬರಲ್ಲ."

"ಯಾವುದಕ್ಕೋ?"

"ಬಾಗಿಲ ಮೇಲೆ ಬೋರ್ಡ್ ಐತಲ್ಲಾ, ಅದರಾಗೆ ಒಂದು ದೊಡ್ಡ ಹಲ್ಲು ಬರೆದವ್ರೆ. ಅದಕ್ಕೆ ಕೈಕಾಲೂ ಐತೆ, ಕಣ್ಣೂ ಐತೆ! ಕಿಸಿದು ತೋರಿಸ್ದೆ. ಎತ್ತಿದ ಹೆಬ್ಬೆಟ್ಟಲ್ಲೇ ಭೇಷ್ ಅಂತು."

"ಅಲ್ಲವೋ! ಡಾಕ್ಟ್ರಮ್ಮ ಒಳಗೆ ಇರಲಿಲ್ವಾ?"

"ಇದ್ರು. ಬಾರೋ ಮೈಲಾರಿ, ಬಾರೋ ಅಂತ ಬಸ್‌ಸ್ಟ್ಯಾಂಡ್‌ವರೆಗೂ ಓಡಿಬಂದ್ರು. ನಾನು ನಿಲ್ತೀನಾ? ಕೆಲಸ ಮುಗಿದಿತ್ತಲ್ಲಾ, ಸೀದಾ ಮನೆಗೆ ಬಂದೆ!"